ರೈಲು ಛಾಯಾಚಿತ್ರ ಮತ್ತು ಪರಂಪರೆಯ ಸಂರಕ್ಷಣೆ: ಅಮೆರಿಕದ ಕೆಲವು ನಿದರ್ಶನಗಳು

ಉಗಿಯಂತ್ರವೊಂದನ್ನು ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಲ್ಲಿಸಿ ಉಳಿಸಿಕೊಳ್ಳುವುದು ಸಾಧ್ಯ. ಆದರೆ ಆ ಯಂತ್ರದ ಸುತ್ತ ಹಬ್ಬಿದ್ದ ಜೀವನವನ್ನು ಹಾಗೆ ನಿಲ್ಲಿಸಿಕೊಳ್ಳಲಾಗದು. ಕುಲುಮೆಗೆ ಕಲ್ಲಿದ್ದಲು ತುಂಬುತ್ತಿದ್ದವನ ಭಂಗಿ, ಗಾಡಿಯ ಸದ್ದಿಗೆ ಹೊತ್ತು ಅಳೆಯುತ್ತಿದ್ದ ಊರು, ನಿಲ್ದಾಣದ ಇರುಳು ಇವೆಲ್ಲಕ್ಕೂ ಛಾಯಾಚಿತ್ರವೇ ಬಹುಮಟ್ಟಿಗೆ ಉಳಿದಿರುವ ಆಧಾರ. ಈ ಆಧಾರವನ್ನು ಯಾವ ಬಗೆಯಲ್ಲಿ ಓದಬೇಕು, ಯಾವ ಬಗೆಯಲ್ಲಿ ಕಾಪಾಡಬೇಕು ಎಂಬುದನ್ನು ಅಮೆರಿಕದ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1869ರ ಮೇ 10ರಂದು ಯೂಟಾ ಪ್ರಾಂತದ ಪ್ರಾಮಂಟರಿ ಶಿಖರದಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ಸೆಂಟ್ರಲ್ ಪೆಸಿಫಿಕ್ ಮಾರ್ಗಗಳು ಕೂಡಿಕೊಂಡವು. ಎದುರುಬದುರಾಗಿ ನಿಂತ ಎರಡು ಯಂತ್ರಗಳ ನಡುವೆ ಕೈಕುಲುಕುವ ಎಂಜಿನಿಯರುಗಳನ್ನೂ ಸುತ್ತ ನೆರೆದ ಜನರನ್ನೂ ಆಂಡ್ರ್ಯೂ ಜೆ. ರಸೆಲ್ ಗಾಜಿನ ಫಲಕದ ಮೇಲೆ ಸೆರೆಹಿಡಿದನು. ಈ ಚಿತ್ರದ ಮುಂದಿನ ಚರಿತ್ರೆ ಎರಡು ಕಾರಣಗಳಿಂದ ಗಮನಾರ್ಹವಾದುದು.

ಮೊದಲನೆಯದು, ಚಿತ್ರದಲ್ಲಿರುವ 'ಜೂಪಿಟರ್' ಮತ್ತು '119'ನೆಯ ಸಂಖ್ಯೆಯ ಯಂತ್ರಗಳೆರಡೂ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗುಜರಿಯ ಪಾಲಾದವು. 1979ರಲ್ಲಿ ಅವುಗಳ ಪ್ರತಿಕೃತಿಗಳನ್ನು ನಿರ್ಮಿಸುವಾಗ ಮೂಲ ನಕ್ಷೆಗಳು ಲಭ್ಯವಿರಲಿಲ್ಲ. ಹಳೆಯ ಛಾಯಾಚಿತ್ರಗಳನ್ನು ದೊಡ್ಡದುಮಾಡಿ, ಅವುಗಳಿಂದಲೇ ಅಳತೆ ತೆಗೆಯಬೇಕಾಯಿತು. ಸ್ಮರಣಿಕೆಯೆಂದು ತೆಗೆದ ಚಿತ್ರ ಹೀಗೆ ತಾಂತ್ರಿಕ ದಾಖಲೆಯಾಯಿತು.

ಎರಡನೆಯದು, ಚಿತ್ರ ತೋರಿಸದೆ ಬಿಟ್ಟದ್ದು. ಸೆಂಟ್ರಲ್ ಪೆಸಿಫಿಕ್ ಮಾರ್ಗಕ್ಕಾಗಿ ಸಿಯೆರಾ ನೆವಾಡ ಪರ್ವತಗಳನ್ನು ಕೊರೆದವರಲ್ಲಿ ಬಹುಪಾಲು ಚೀನೀ ಕಾರ್ಮಿಕರು. ಆದರೆ ಈ ಪ್ರಸಿದ್ಧ ಚಿತ್ರದಲ್ಲಿ ಅವರು ಸ್ಪಷ್ಟವಾಗಿ ಕಾಣಸಿಗುವುದಿಲ್ಲ. ಈ ಕೊರತೆಯನ್ನು ನೆನಪಿಸಲೆಂದೇ ಛಾಯಾಗ್ರಾಹಕ ಕಾರ್ಕಿ ಲೀ 2014ರಲ್ಲಿ ಆ ಕಾರ್ಮಿಕರ ವಂಶಸ್ಥರನ್ನು ಅದೇ ಸ್ಥಳದಲ್ಲಿ ಕಲೆಹಾಕಿ ಹೊಸ ಚಿತ್ರ ತೆಗೆದರು. ಆದರೆ ಅಂತಿಮ ಕಂಬಿ ಜೋಡಿಸುವ ಸಂದರ್ಭದ ಚೀನೀಯರನ್ನು ರಸೆಲ್ ಬೇರೊಂದು ಚಿತ್ರದಲ್ಲಿ ತೆಗೆದಿದ್ದನು. ಸೆಂಟ್ರಲ್ ಪೆಸಿಫಿಕ್‌ನ ಛಾಯಾಗ್ರಾಹಕ ಆಲ್ಫ್ರೆಡ್ ಹಾರ್ಟ್‌ನ ಜೋಡಿಚಿತ್ರಗಳಲ್ಲಿಯೂ ಅವರು ಕಾಣುತ್ತಾರೆ. ಪ್ರಸಿದ್ಧವಾದ ಒಂದು ಚಿತ್ರವನ್ನಷ್ಟೇ ಕಾಪಾಡಿ ಉಳಿದವನ್ನು ಕೈಬಿಟ್ಟಿದ್ದರೆ, ಈ ಸಾಕ್ಷ್ಯವೂ ಅಳಿಯುತ್ತಿತ್ತು. ಸಂಗ್ರಹವನ್ನು ಅಖಂಡವಾಗಿ ಉಳಿಸಬೇಕೆಂಬ ನಿಯಮದ ಹಿಂದಿರುವ ತರ್ಕ ಇದೇ.

ಇಪ್ಪತ್ತನೆಯ ಶತಮಾನದಲ್ಲಿ ರೈಲು ಛಾಯಾಚಿತ್ರದ ದೃಷ್ಟಿ ಯಂತ್ರದಿಂದ ಮನುಷ್ಯನ ಕಡೆಗೂ ಹೊರಳಿತು. ಸರ್ಕಾರದ ಪರವಾಗಿ ಜ್ಯಾಕ್ ಡೆಲಾನೊ 1942-43ರಲ್ಲಿ ತೆಗೆದ ಚಿತ್ರಗಳಲ್ಲಿ ಯುದ್ಧಕಾಲದ ರೈಲ್ವೆ ಕಾರ್ಮಿಕರಿದ್ದಾರೆ. ಅಯೋವದ ಕ್ಲಿಂಟನ್‌ನಲ್ಲಿ ಯಂತ್ರಗಳನ್ನು ತೊಳೆದು ಅಣಿಗೊಳಿಸುತ್ತಿದ್ದ ಮಹಿಳೆಯರೂ ಇದ್ದಾರೆ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಈ ಚಿತ್ರಗಳು ಸ್ಥಳ ಹಾಗೂ ಕಾಲದ ವಿವರಗಳೊಡನೆ ಉಳಿದಿರುವುದರಿಂದಲೇ ಸಂಶೋಧಕರಿಗೆ ಉಪಯುಕ್ತವಾಗಿವೆ.

ಕಲೆ ಮತ್ತು ದಾಖಲೆಗಳ ಸಂಬಂಧ ಅತ್ಯಂತ ಜಟಿಲವಾಗಿ ತೋರುವುದು ಓ. ವಿನ್ಸ್‌ಟನ್ ಲಿಂಕ್ (1914-2001) ಅವರ ಕೃತಿಗಳಲ್ಲಿ. ನ್ಯೂಯಾರ್ಕಿನ ಈ ವಾಣಿಜ್ಯ ಛಾಯಾಗ್ರಾಹಕರು 1955ರ ಜನವರಿಯಲ್ಲಿ ಅನ್ಯಕಾರ್ಯ ನಿಮಿತ್ತ ವರ್ಜೀನಿಯಕ್ಕೆ ಹೋದಾಗ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯನ್ನು ಕಂಡರು. ಕಲ್ಲಿದ್ದಲ ಸೀಮೆಯ ಈ ಸಂಸ್ಥೆ, ಇತರ ಪ್ರಮುಖ ರೈಲ್ವೆಗಳು ಡೀಸೆಲ್‌ಗೆ ಹೊರಳುತ್ತಿದ್ದಾಗಲೂ ಉಗಿಯನ್ನೇ ನೆಚ್ಚಿಕೊಂಡಿತ್ತು. 1960ರಲ್ಲಿ ಅಲ್ಲಿಯೂ ಉಗಿಯ ಸೇವೆ ಮುಗಿಯುವವರೆಗೆ ಲಿಂಕ್ ಸ್ವಂತ ಖರ್ಚಿನಲ್ಲಿ ಸುಮಾರು 2,400 ಚಿತ್ರಗಳನ್ನು ತೆಗೆದರು. ಅವುಗಳಲ್ಲಿ ಬಹಳಷ್ಟು ರಾತ್ರಿಯ ಚಿತ್ರಗಳು. ಬಿಸಿಲಿನ ದಿಕ್ಕು ಛಾಯಾಗ್ರಾಹಕನ ವಶದಲ್ಲಿಲ್ಲ. ಇರುಳಿನಲ್ಲಿ ಬೆಳಕೆಲ್ಲವೂ ಅವನದೇ. ಹತ್ತಾರು ಫ್ಲ್ಯಾಶ್ ಬಲ್ಬುಗಳನ್ನು ತಂತಿಯಿಂದ ಜೋಡಿಸಿ, ಗಾಡಿ ಹಾಯುವ ಒಂದೇ ಕ್ಷಣಕ್ಕಾಗಿ ಅವರು ಕಾಯುತ್ತಿದ್ದರು. ಎರಡನೆಯ ಅವಕಾಶವಿರುತ್ತಿರಲಿಲ್ಲ.

1956ರಲ್ಲಿ ಪಶ್ಚಿಮ ವರ್ಜೀನಿಯದ ಐಗರ್‌ನಲ್ಲಿ ತೆಗೆದ 'ಹಾಟ್‌ಶಾಟ್ ಈಸ್ಟ್‌ಬೌಂಡ್' ಇವರ ಅತ್ಯಂತ ಪರಿಚಿತ ಚಿತ್ರ. ಬಯಲು ಚಿತ್ರಮಂದಿರದಲ್ಲಿ ಕಾರುಗಳೊಳಗೆ ಕುಳಿತು ಜನ ಚಲನಚಿತ್ರ ನೋಡುತ್ತಿದ್ದಾರೆ. ಪರದೆಯ ಮೇಲೆ ವಿಮಾನ. ಪಕ್ಕದಲ್ಲಿ ಯಾರ ಗಮನಕ್ಕೂ ಬಾರದೆ ಹಾದುಹೋಗುತ್ತಿರುವ ಉಗಿಬಂಡಿ. ಫ್ಲ್ಯಾಶ್‌ನ ಪ್ರಖರತೆಗೆ ಪರದೆಯ ದೃಶ್ಯ ಮಾಸಿಹೋಗುತ್ತಿದ್ದುದರಿಂದ, ವಿಮಾನದ ಬಿಂಬವನ್ನು ಪ್ರತ್ಯೇಕ ನೆಗೆಟಿವ್‌ನಿಂದ ಸೇರಿಸಲಾಯಿತು. ಇದರಿಂದ ಚಿತ್ರದ ಮೌಲ್ಯ ಕುಗ್ಗುವುದೆಂದು ಹೇಳಲಾಗದು. ಆದರೆ ಅದನ್ನು ಆಧಾರವಾಗಿ ಬಳಸುವವನಿಗೆ ಈ ಸಂಗತಿ ತಿಳಿದಿರಲೇಬೇಕು. ಮುದ್ರಿತ ಪ್ರತಿಯೊಡನೆ ಮೂಲ ನೆಗೆಟಿವ್, ಟಿಪ್ಪಣಿ, ಪತ್ರಗಳನ್ನೂ ಕಾಪಾಡಬೇಕಾದ ಅಗತ್ಯ ಇಲ್ಲಿ ವ್ಯಕ್ತವಾಗುತ್ತದೆ. 2004ರಲ್ಲಿ ರೊನೋಕ್‌ನ ಹಳೆಯ ರೈಲು ನಿಲ್ದಾಣದಲ್ಲಿಯೇ ಲಿಂಕ್ ವಸ್ತುಸಂಗ್ರಹಾಲಯ ತೆರೆಯಿತು. ಚಿತ್ರಗಳು ತಮ್ಮ ನೆಲೆಗೆ ಮರಳಿದಂತಾಯಿತು.

ಆದರೆ ಎಲ್ಲ ಸಂಗ್ರಹಗಳಿಗೂ ಇಂತಹ ಭಾಗ್ಯವಿಲ್ಲ. ರೈಲು ಚಿತ್ರಗಳಲ್ಲಿ ಹೆಚ್ಚಿನವು ಹವ್ಯಾಸಿಗಳು ತೆಗೆದವು. ಅವರ ಮರಣಾನಂತರ ಪೆಟ್ಟಿಗೆಗಳು ಹಂಚಿಹೋಗುತ್ತವೆ. ಅಸಿಟೇಟ್ ಫಿಲ್ಮು ಬಿಸಿ ಮತ್ತು ತೇವಗಳಿಗೆ ಸಿಕ್ಕಿ ಹುಳಿವಾಸನೆ ಬೀರುತ್ತ ಮುರುಟುತ್ತದೆ. ಬಣ್ಣದ ಚಿತ್ರಗಳು ಮಂಕಾಗುತ್ತವೆ. ಇದಕ್ಕಿಂತಲೂ ಬೇಗ ಅಳಿಯುವುದು ಬರೆದಿಡದ ಮಾಹಿತಿ: ಊರು ಯಾವುದು, ದಿನ ಯಾವುದು, ನಿಂತವರು ಯಾರು. ಫಿಲ್ಮನ್ನು ತಂಪಿನಲ್ಲಿಟ್ಟು ಕ್ಷಯವನ್ನು ನಿಧಾನಗೊಳಿಸಬಹುದು. ಮಾಹಿತಿ ಬಲ್ಲವನು ಹೋದರೆ ಅದಕ್ಕೆ ಪರಿಹಾರವಿಲ್ಲ. 1997ರಲ್ಲಿ ಜಾನ್ ಗ್ರೂಬರ್ ಅವರ ಮುಂದಾಳುತನದಲ್ಲಿ ಸ್ಥಾಪಿತವಾದ ವಿಸ್ಕಾನ್ಸಿನ್‌ನ ರೈಲು ಛಾಯಾಚಿತ್ರ ಮತ್ತು ಕಲಾ ಕೇಂದ್ರವು ಇಂತಹ ಸಂಗ್ರಹಗಳನ್ನು ಸ್ವೀಕರಿಸಿ, ವರ್ಗೀಕರಿಸಿ, ಪ್ರಕಟಿಸುವ ಕಾರ್ಯವನ್ನು ಕೈಗೊಂಡಿದೆ.

ಕರ್ನಾಟಕಕ್ಕೂ ಈ ವಿಚಾರ ಅನ್ವಯಿಸುತ್ತದೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವು ಯಂತ್ರಗಳನ್ನೂ ಅರಮನೆಯ ಸಲೂನು ಗಾಡಿಯನ್ನೂ ಉಳಿಸಿಕೊಂಡಿದೆ. ಆದರೆ ಗೇಜ್ ಪರಿವರ್ತನೆಯೊಡನೆ ಕಣ್ಮರೆಯಾದ ಮೀಟರ್‌ಗೇಜ್ ಮಾರ್ಗಗಳ ದೈನಂದಿನ ಬದುಕು ಯಂತ್ರಗಳಲ್ಲಿ ಉಳಿಯುವಂಥದಲ್ಲ. ನಿವೃತ್ತ ನೌಕರರ ಮನೆಯ ಆಲ್ಬಮ್ಮುಗಳಲ್ಲಿ ಅದರ ಗುರುತುಗಳಿರಬಹುದು. ಅವುಗಳನ್ನು ಹುಡುಕಿ, ಚಿತ್ರದಲ್ಲಿರುವುದೇನೆಂದು ಹೇಳಬಲ್ಲವರು ನಮ್ಮೊಡನಿರುವಾಗಲೇ ಕೇಳಿ ಬರೆದಿಡುವುದು ನಮ್ಮ ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳೂ ಮುಂದೂಡಲಾಗದ ಕೆಲಸ.