ಪಾಠ ಮೊದಲು, ಅಭ್ಯಾಸ ತರಬೇತಿಯಲ್ಲಿ

ತರಬೇತಿಯ ದಿನವೆಲ್ಲ ಉಪನ್ಯಾಸದಲ್ಲೇ ಕಳೆದರೆ ಸದಸ್ಯರಿಗೆ ಆಯವ್ಯಯವನ್ನು ಪರಿಶೀಲಿಸುವ ಅಭ್ಯಾಸ ದೊರೆಯುವುದಿಲ್ಲ. ‘ಫ್ಲಿಪ್ಡ್ ಕ್ಲಾಸ್‌ರೂಮ್’ ವಿಧಾನದಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ: ಪಾಠ ಮನೆಯಲ್ಲಿ, ಅಭ್ಯಾಸ ತರಗತಿಯಲ್ಲಿ. 2007ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು ಗೈರುಹಾಜರಾದ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಚಿತ್ರೀಕರಿಸತೊಡಗಿದ ಬಳಿಕ ಇದು ಪ್ರಚಾರಕ್ಕೆ ಬಂದಿತು.

ಸದಸ್ಯರ ತರಬೇತಿಯಲ್ಲಿ ಇದನ್ನು ಅಳವಡಿಸುವಾಗ ಆಯವ್ಯಯದ ನಿಯಮಗಳನ್ನು ತಿಳಿಸುವ ಕಿರು ವಿಡಿಯೊ ಹಾಗೂ ಕೈಪಿಡಿಯನ್ನು ಒಂದು ವಾರ ಮುಂಚಿತವಾಗಿ ಒದಗಿಸಬೇಕು. ಓದು ಬಾರದವರಿಗೆ ಧ್ವನಿಮುದ್ರಣ, ಸ್ಮಾರ್ಟ್‌ಫೋನ್ ಇಲ್ಲದವರಿಗೆ ಪಂಚಾಯಿತಿ ಕಚೇರಿಯಲ್ಲಿ ಸಾಮೂಹಿಕ ವೀಕ್ಷಣೆ ಅಗತ್ಯ. ತರಬೇತಿಯ ದಿನ ಸದಸ್ಯರು ತಮ್ಮ ಪಂಚಾಯಿತಿಯದೇ ಆಯವ್ಯಯದ ಪ್ರತಿಯನ್ನು ತಂದು, ಕುಡಿಯುವ ನೀರು, ಬೀದಿದೀಪಗಳ ಬಾಬ್ತುಗಳನ್ನು ಗುಂಪಿನಲ್ಲಿ ಪರಿಶೀಲಿಸಿ, ಸಂದೇಹಗಳನ್ನು ತರಬೇತುದಾರರೊಡನೆ ಚರ್ಚಿಸಬಹುದು.

ಲೆಕ್ಕವನ್ನು ಅರಿತ ಸದಸ್ಯರಷ್ಟೇ ಸಾಮಾನ್ಯ ಸಭೆಯಲ್ಲಿ, ನೀರಿಗೆಂದು ಮೀಸಲಿಟ್ಟ ಹಣ ಏಕೆ ವೆಚ್ಚವಾಗಿಲ್ಲವೆಂದು ಪ್ರಶ್ನಿಸಬಲ್ಲರು.