ಪಿನ್‌ಬಾಲ್ ಯಂತ್ರದ ಯುಗಭೇದ ವಿಚಾರ

ವಸ್ತುವಿನ ಹೆಸರು ಸ್ಥಿರವಾಗಿ ನಿಂತು ಅದರ ಸ್ವರೂಪವು ಕಾಲಕ್ರಮದಲ್ಲಿ ಬೇರೆಯಾದಾಗ, ಹೆಸರನ್ನೇ ನಂಬಿ ಮಾಡಿದ ನಿರ್ಣಯವು ದೋಷಕ್ಕೆ ಎಡೆಗೊಡುವುದು. ಅಮೆರಿಕದ ಪಿನ್‌ಬಾಲ್ ಯಂತ್ರವು ಇದಕ್ಕೆ ತಕ್ಕ ನಿದರ್ಶನವಾಗಿದೆ. ಆಟಗಾರನ ಕೈಗೆ ಎಷ್ಟು ಸ್ವಾತಂತ್ರ್ಯವಿದ್ದಿತೆಂಬುದನ್ನೇ ಲಕ್ಷಣವಾಗಿಟ್ಟುಕೊಂಡರೆ ಇಂತಹ ಯಂತ್ರಕ್ರೀಡೆಗಳ ಚರಿತ್ರೆಯನ್ನು ಮೂರು ಯುಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಮೊಳೆಗಳ ಯುಗ. ಫ್ರಾನ್ಸಿನಲ್ಲಿ ಬಳಕೆಯಲ್ಲಿದ್ದ ಬ್ಯಾಗಟೆಲ್ ಎಂಬ ಮೇಜಿನಾಟವು ಇದಕ್ಕೆ ಮೂಲ. ಸಿನ್ಸಿನಾಟಿಯ ಮಾಂಟೇಗ್ಯು ರೆಡ್‌ಗ್ರೇವ್ ಎಂಬಾತನು ಸ್ಪ್ರಿಂಗಿನಿಂದ ಗುಂಡನ್ನು ಚಿಮ್ಮಿಸುವ ಏರ್ಪಾಡಿಗೆ 1871ರಲ್ಲಿ ಪೇಟೆಂಟು ಪಡೆದನು. 1931ರಲ್ಲಿ ಡೇವಿಡ್ ಗಾಟ್ಲೀಬನು ಹೊರತಂದ ‘ಬ್ಯಾಫಲ್ ಬಾಲ್’ ಯಂತ್ರವು 17.50 ಡಾಲರಿಗೆ ಮಾರಾಟವಾಗಿ, ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಒಂದು ಸೆಂಟಿನ ವಿನೋದವಾಗಿ ಹಬ್ಬಿತು. ಇಳಿಜಾರು ಹಲಗೆಯ ಮೇಲೆ ಗುಂಡು ಮೊಳೆಗಳಿಗೆ ತಾಗುತ್ತ ಉರುಳಿ ಕುಳಿಗಳಲ್ಲಿ ಬೀಳುತ್ತಿದ್ದಿತು. ಚಿಮ್ಮಿಸುವುದು, ಯಂತ್ರವನ್ನು ಅಲುಗಿಸುವುದು ಇವೆರಡೇ ಆಟಗಾರನ ವಶದಲ್ಲಿದ್ದುವು. ಅಲುಗಿಸುವುದಕ್ಕೂ ‘ಟಿಲ್ಟ್’ ಎಂಬ ಉಪಕರಣವು ಮಿತಿಯನ್ನಿಟ್ಟಿತು. ಉಳಿದುದೆಲ್ಲ ದೈವಾಧೀನ. 1942ರಲ್ಲಿ ನ್ಯೂಯಾರ್ಕ್ ನಗರವು ಇದನ್ನು ಜೂಜೆಂದು ನಿಷೇಧಿಸಿತು. ಮೇಯರ್ ಫಿಯೊರೆಲ್ಲೊ ಲಾಗ್ವಾರ್ಡಿಯಾ ವಶಪಡಿಸಿಕೊಂಡ ಯಂತ್ರಗಳನ್ನು ಒಡೆಸಿಹಾಕಿದನು. ಗೆದ್ದವರಿಗೆ ಹಣ ಕೊಡುವ ಯಂತ್ರಗಳೂ ಬಳಕೆಗೆ ಬಂದಿದ್ದುದರಿಂದ ಆ ನಿರ್ಣಯವನ್ನು ನಿರಾಧಾರವೆನ್ನಲಾಗದು.

ಎರಡನೆಯದು ಫ್ಲಿಪ್ಪರುಗಳ ಯುಗ. 1947ರಲ್ಲಿ ಗಾಟ್ಲೀಬ್ ಸಂಸ್ಥೆಯ ಹ್ಯಾರಿ ಮ್ಯಾಬ್ಸನು ‘ಹಂಪ್ಟಿ ಡಂಪ್ಟಿ’ ಯಂತ್ರಕ್ಕೆ, ಬಟನ್ನನ್ನು ಒತ್ತಿದೊಡನೆ ವಿದ್ಯುತ್ತಿನಿಂದ ಬೀಸುವ ಆರು ಫ್ಲಿಪ್ಪರುಗಳನ್ನು ಅಳವಡಿಸಿದನು. ಕೆಳಗುರುಳುವ ಗುಂಡನ್ನು ಮರಳಿ ಮೇಲಕ್ಕೆ ಹೊಡೆಯುವ ಸಾಮರ್ಥ್ಯವು ಇದರಿಂದ ಒದಗಿ, ಪೌರುಷಕ್ಕೆ ಪ್ರಾಧಾನ್ಯ ದೊರೆಯಿತು. ವಸ್ತು ಬೇರೆಯಾಯಿತು, ಹೆಸರು ಮಾತ್ರ ಅದೇ ಉಳಿಯಿತು. ಆದುದರಿಂದ ನಿಷೇಧವೂ ಮತ್ತೆ 29 ವರ್ಷ ಉಳಿದುಬಂದಿತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಲೇಖಕನು ನಗರಸಭೆಯವರ ಮುಂದೆ ಆಡಿ ತೋರಿಸಿ, ಗುಂಡು ಯಾವ ದಾರಿಯಲ್ಲಿ ಹೋಗುವುದೆಂದು ಮುಂಚೆಯೇ ಹೇಳಿ, ಹೇಳಿದಂತೆಯೇ ಕಳುಹಿಸಿದನು, ನಿಷೇಧವು ತೊಲಗಿತು. ಆ ಹೊಡೆತವು ಫ್ಲಿಪ್ಪರಿನದಲ್ಲ, ಸ್ಪ್ರಿಂಗಿನದೇ ಎಂಬುದು ಗಮನಾರ್ಹವಾಗಿದೆ. ಕೇವಲ ದೈವಾಧೀನವೆಂದೆಣಿಸಿದ ಮೊದಲ ಯುಗದ ಸಾಧನದಲ್ಲಿಯೂ ಪೌರುಷದ ಅಂಶವು ಅಡಗಿದ್ದಿತೆಂದು ಇದರಿಂದ ಸಿದ್ಧವಾಗುವುದು.

ಮೂರನೆಯದು ತೆರೆಯ ಯುಗ. ಅಟಾರಿ ಸಂಸ್ಥೆಯ ‘ಪಾಂಗ್’ 1972ರಲ್ಲಿಯೂ, ಜಪಾನಿನ ನಿಶಿಕಾಡೊ ತೊಮೊಹಿರೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ 1978ರಲ್ಲಿಯೂ ಬಂದುವು. ಇಲ್ಲಿ ಗುಂಡಿಲ್ಲ, ಹಲಗೆಯಿಲ್ಲ. ಬೆಳಕಿನ ಆಕೃತಿಗಳು ಮಾತ್ರ. 1980ರ ‘ಪ್ಯಾಕ್‌ಮ್ಯಾನ್’ ಆಟದಲ್ಲಿ ಭೂತಗಳ ನಡೆ ನಿಯತವಾದುದರಿಂದ ಆಟಗಾರರು ದಾರಿಗಳನ್ನು ಕಂಠಪಾಠವನ್ನೇ ಮಾಡಿದರು. ಪಿನ್‌ಬಾಲಿನಲ್ಲಾದರೋ ಒಂದು ಆಟವು ಮತ್ತೊಂದರಂತೆ ನಡೆಯದು. 1992ರ ‘ಆಡಮ್ಸ್ ಫ್ಯಾಮಿಲಿ’ ಯಂತ್ರವು 20,000ಕ್ಕೂ ಮಿಕ್ಕಿ ಮಾರಾಟವಾದರೂ, ವಿಲಿಯಮ್ಸ್ ಸಂಸ್ಥೆಯು 1999ರಲ್ಲಿ ಈ ಯಂತ್ರಗಳ ತಯಾರಿಕೆಯನ್ನೇ ಕೈಬಿಟ್ಟಿತು.

ಪ್ರಾಚೀನ ಗ್ರಂಥಗಳಲ್ಲಿ ಬರುವ ಕ್ರೀಡಾನಾಮಗಳಿಗೆ ಅರ್ಥ ಹೇಳುವವರಿಗೂ ಈ ಚರಿತ್ರೆಯು ಉಪಯುಕ್ತವಾದುದು. ಹೆಸರೊಂದೇ ಆದ ಮಾತ್ರಕ್ಕೆ ಆಟವೂ ಒಂದೇ ಎಂದು ಹೇಳಲಾಗದು. ಅದು ಯಾವ ಕಾಲದ ಆಟವೆಂಬುದನ್ನು ಮೊದಲು ನಿಶ್ಚಯಿಸತಕ್ಕದ್ದು.