ಶಿಬಿರವೆಂಬ ಹೆಸರು ಅಳಿಯದ ಊರುಗಳು

ಬಳ್ಳಾರಿಯ ಗಾಂಧಿನಗರದಿಂದ ಹೊರಟು, ಸಿರುಗುಪ್ಪವನ್ನು ಹಿಂದಿಕ್ಕಿ ತುಂಗಭದ್ರೆಯನ್ನು ದಾಟಿದರೆ ಸಿಂಧನೂರು ತಾಲ್ಲೂಕು. ಈ ಸೀಮೆಯಲ್ಲಿ ‘ಕ್ಯಾಂಪು’ ಎಂಬ ಮಾತು ಯಾರಿಗೂ ಹೊಸದಲ್ಲ. ತುಂಗಭದ್ರಾ ಕಾಲುವೆಗಳಲ್ಲಿ ನೀರು ಹರಿದ ಮೇಲೆ ಆಂಧ್ರದಿಂದ ಬಂದು ಭೂಮಿ ಕೊಂಡ ರೈತರ ಊರುಗಳಿಗೂ ಅದೇ ಹೆಸರು. ಆದರೆ ಸಿಂಧನೂರಿನ ಬಳಿ ಆರ್.ಎಚ್. ಎಂಬ ಅಕ್ಷರಗಳೊಡನೆ ಒಂದೊಂದು ಅಂಕಿಯನ್ನು ಹೊತ್ತಿರುವ ಕ್ಯಾಂಪುಗಳ ಕಥೆ ಬೇರೆ. ಅಲ್ಲಿಯವರು ಕೊಳ್ಳಲು ಬಂದವರಲ್ಲ, ಎಲ್ಲವನ್ನೂ ಕಳೆದುಕೊಂಡು ಬಂದವರು.

ಪೂರ್ವ ಪಾಕಿಸ್ತಾನವನ್ನು ತೊರೆದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರ್ಕಾರವು 1970ರ ಆಸುಪಾಸಿನಲ್ಲಿ ಇಲ್ಲಿ ನೆಲೆ ಕಲ್ಪಿಸಿ, ಉಳುಮೆಗೆ ಭೂಮಿಯನ್ನೂ ನೀಡಿತು. ಹೊಳೆಗಳ ನಾಡಿನ ಜನ ಎರೆಭೂಮಿಗೆ ಒಗ್ಗಿಕೊಂಡರು. ಮಕ್ಕಳು ಮನೆಯಲ್ಲಿ ಬಂಗಾಳಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆದರು. ನೆಲ ಒಲಿಯಿತು, ಒಲಿಯದೆ ಉಳಿದದ್ದು ಕಾಗದ.

ಮೊದಲನೆಯದು ಪೌರತ್ವದ ಕಾಗದ. 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅನಂತರ ಹುಟ್ಟಿದವರ ಹಕ್ಕು ತಂದೆತಾಯಿಯರ ಪೌರತ್ವವನ್ನು ಅವಲಂಬಿಸಿದೆ. ಗಡಿಯಾಚೆ ಹುಟ್ಟಿದ ಹಿರಿಯರಲ್ಲಿ ದಾಖಲೆಯಿಲ್ಲದಿದ್ದರೆ ತೊಡಕು ಮಕ್ಕಳವರೆಗೂ ಇಳಿಯುತ್ತದೆ. 2019ರ ತಿದ್ದುಪಡಿ ಕಾಯಿದೆಯ ನಿಯಮಗಳು 2024ರಲ್ಲಿ ಹೊರಬಿದ್ದ ಬಳಿಕ ಇಲ್ಲಿಯ ಕೆಲವರಿಗೆ ಪ್ರಮಾಣಪತ್ರ ದೊರಕಿತು. ಅರ್ಧ ಶತಮಾನ ಕಾದವರಿಗೆ ಇದನ್ನು ಬೇಗ ಬಂದ ನ್ಯಾಯವೆನ್ನಲಾಗದು.

ಎರಡನೆಯದು ಜಾತಿಯ ಕಾಗದ. ಶಾಲೆಗಳವರು ಗಮನಿಸಬೇಕಾದದ್ದು ಇದನ್ನೇ. ಈ ಕುಟುಂಬಗಳಲ್ಲಿ ಬಹುಪಾಲು ನಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿಯವರು. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಅಸ್ಪೃಶ್ಯತೆಯ ನೋವನ್ನು ತಲೆಮಾರುಗಳಿಂದ ಉಂಡವರು ಪರಿಹಾರದ ವೇಳೆಗೆ ಪಟ್ಟಿಯ ಹೊರಗೆ ನಿಂತರು. ಹಾಗಾಗಿ ಪರಿಶಿಷ್ಟರಿಗೆ ಮೀಸಲಾದ ವಿದ್ಯಾರ್ಥಿವೇತನಕ್ಕೂ ವಸತಿನಿಲಯಕ್ಕೂ ಕ್ಯಾಂಪಿನ ವಿದ್ಯಾರ್ಥಿ ಅರ್ಜಿ ಹಾಕುವಂತಿಲ್ಲ.

ಶರಣರನ್ನು ಬಲ್ಲವರಿಗೆ ಈ ಜನರ ಹಿನ್ನೆಲೆ ತೀರ ಅಪರಿಚಿತವೆನಿಸದು. ಹತ್ತೊಂಬತ್ತನೆಯ ಶತಮಾನದಲ್ಲಿ ಹರಿಚಾಂದ್ ಠಾಕೂರರು ನಮಶೂದ್ರರ ನಡುವೆ ಹುಟ್ಟುಹಾಕಿದ ಮತುವಾ ಪಂಥವು ಜಾತಿಯ ಮೇಲುಕೀಳನ್ನು ಅಲ್ಲಗಳೆಯಿತು, ಸಂಸಾರದಲ್ಲಿದ್ದು ದುಡಿಯುವವನನ್ನೇ ಭಕ್ತನೆಂದಿತು. ಅವರ ಮಗ ಗುರುಚಾಂದ್ ಠಾಕೂರರು ಊರೂರಿಗೆ ಶಾಲೆ ಬೇಕೆಂದು ದುಡಿದರು.

ಪಟ್ಟಿಗೆ ಹೊಸ ಹೆಸರು ಸೇರಿಸುವ ಅಧಿಕಾರ ರಾಜ್ಯಕ್ಕಿಲ್ಲ; ಸಂವಿಧಾನದ 341ನೆಯ ಅನುಚ್ಛೇದದಂತೆ ಅದು ಸಂಸತ್ತಿನದು. ಬೆಂಗಳೂರು ಒಪ್ಪಿದ ಮೇಲೂ ಸಿಂಧನೂರಿನ ಅರ್ಜಿ ದೆಹಲಿಯವರೆಗೆ ಸಾಗಬೇಕು.